ದುರ್ಗದಬೈಲಿನ ಹಾಂಕೋ ಹಾಡು

ಅರಗು ಕರಗಿಸಿ, ಕಪ್ಪು ಪುಡಿ ಕಲಸಿ, ಬಿಸಿ ಅಚ್ಚಿನಲ್ಲಿ ಒತ್ತಿ ನನ್ನನ್ನು ಮಾಡಿದ್ದು ಶಾಂಘೈನ ಒಂದು ಕಾರ್ಖಾನೆಯಲ್ಲಿ. ನಾನು ಗ್ರಾಮಫೋನ್ ತಟ್ಟೆ. ನನ್ನ ಮೈಯ ಗೆರೆಗಳಲ್ಲಿ ಇದ್ದದ್ದು ಹಾಂಕೋ ಎಂಬ ಚೀನೀ ಪಟ್ಟಣವನ್ನು ಹೊಗಳುವ ಹಾಡು. ಅಲ್ಲಿನ ದೊಡ್ಡ ಹೊಳೆ, ಹಡಗುಗಳ ಸೀಟಿ, ಬೆಳಗಿನ ಬಿಸಿ ಶ್ಯಾವಿಗೆ ಎಲ್ಲವನ್ನೂ ಕೊಂಡಾಡಿ, ಕೊನೆಗೆ ಹಾಡುಗಾರ್ತಿ ಊರಿನ ಹೆಸರನ್ನು ಮುಗಿಲಿಗೇರಿಸುತ್ತಿದ್ದಳು. ಇಂಥ ಊರ ಹಾಡುಗಳೆಂದರೆ ಆಗ ಅಲ್ಲಿನ ಜನಕ್ಕೆ ಹುಚ್ಚು.

ನನ್ನನ್ನು ಕೊಂಡವನು ಹಾಂಕೋದ ಹಲ್ಲಿನ ವೈದ್ಯ ತಾನ್ ಕುವೊಶೆಂಗ್. ತಮ್ಮನ ಜೊತೆ ಕಲ್ಕತ್ತೆಗೆ ಬಂದ. ತಮ್ಮ ಅಲ್ಲೇ ಉಳಿದ, ಇವನು ಹೆಂಡತಿಯೊಡನೆ ರೈಲು ಹತ್ತಿ ಹುಬ್ಬಳ್ಳಿಗೆ ಬಂದು ದುರ್ಗದಬೈಲಿನ ಪೇಟೆಯಲ್ಲಿ ಹಲ್ಲಿನ ಅಂಗಡಿ ಇಟ್ಟ. ಜನರ ಬಾಯಲ್ಲಿ ತಾನಪ್ಪ ಡಾಕ್ಟರಾದ.

ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಅವನು ನನ್ನನ್ನು ಹಚ್ಚುತ್ತಿದ್ದ. ರೋಗಿ ಹಾಡಿನಲ್ಲಿ ಮೈಮರೆತಿರುವಾಗ, "ಹಾಂಕೋ" ಎಂದು ಸ್ವರ ಏರಿದ ಗಳಿಗೆಗೆ ಸರಿಯಾಗಿ ಹಲ್ಲು ಕಿತ್ತುಬಿಡುತ್ತಿದ್ದ. ಹೀಗಾಗಿ ಜನ ನನ್ನನ್ನು ಹಲ್ಲಿನ ಮಂತ್ರವೆಂದೇ ನಂಬಿದರು. ಇದು ನಮ್ಮೂರ ಹಾಡು ಎಂದು ಅವನು ಬಡಕೊಂಡರೂ ಮೆಣಸಿನಕಾಯಿ ಮಾರುವ ಚನ್ನವ್ವ ಒಪ್ಪಲಿಲ್ಲ.

"ಊರ ಹಾಡಿಗೆ ಹಲ್ಲು ಕಿತ್ತು ಬರತಾವೇನೋ ಯಪ್ಪಾ? ಮಂತ್ರ ಮುಚ್ಚಿಡಬ್ಯಾಡ" ಎನ್ನುತ್ತಿದ್ದಳು. ಹಲ್ಲು ಕೊಂಚ ಜುಮ್ಮೆಂದರೂ ಸಾಕು, ಬಂದು ಬೆಂಚಿನ ಮೇಲೆ ಕುಳಿತು ನನ್ನನ್ನು ಕೇಳಿಕೊಂಡು ಹೋಗುವವರಿದ್ದರು. ನನಗೋ ಒಳಗೊಳಗೇ ನಗು.

ವರ್ಷಗಳು ಉರುಳಿದವು. ತಾನಪ್ಪನ ಹೆಂಡತಿ ತೀರಿಕೊಂಡಳು. ಹುಬ್ಬಳ್ಳಿಯಲ್ಲೇ ಹುಟ್ಟಿದ ಮಗಳು ಲಿಯೆನ್ ಅಪ್ಪನ ಪಕ್ಕ ನಿಂತು ಕೆಲಸ ಕಲಿತಳು. ಒಂದು ದಿನ ತಾನಪ್ಪನ ಕೈ ನಡುಗಿ ನಾನು ನೆಲಕ್ಕೆ ಬಿದ್ದು ಎರಡು ಹೋಳಾದೆ. ಅವನ ಮುಖ ನನ್ನಿಂದ ನೋಡಲಾಗಲಿಲ್ಲ.

"ಇನ್ನ ಈ ಕೈಲೆ ಹಲ್ಲು ಕೀಳಾಕ ಆಗೂದಿಲ್ಲ. ಅಂಗಡಿ ಮುಚ್ಚಿ ಕಲ್ಕತ್ತಾಕ್ಕ ತಮ್ಮನ ಕಡೆ ಹೋಗೂಣು" ಎಂದ.

"ಆ ಊರಾಗ ನನಗ ಯಾರದಾರ? ನಾ ಕೀಳ್ತೀನಿ ಅಪ್ಪಾ" ಎಂದಳು ಲಿಯೆನ್, ಕಣ್ಣು ಒರೆಸಿಕೊಳ್ಳುತ್ತ.

"ಹಾಡು ಇಲ್ಲಂದ್ರ ನಿನ್ನ ಮುಂದ ಯಾರು ಬಾಯಿ ತಗೀತಾರ? ಒಬ್ಬರರ ಕುಂತ್ರ ನೋಡೂಣು."

ಮರುದಿನ ದವಡೆ ಊದಿಸಿಕೊಂಡು ಬಂದವನು ದಸ್ತಗೀರ್ ಪೈಲ್ವಾನ. ಅಖಾಡದಲ್ಲಿ ಹುಲಿ, ಈ ಕುರ್ಚಿಯಲ್ಲಿ ಬೆಕ್ಕಿನ ಮರಿ. ಲಿಯೆನ್ ಇಕ್ಕಳ ಎತ್ತಿದೊಡನೆ "ಮೊದ್ಲ ಮಂತ್ರ ಹಚ್ಚವಾ" ಎಂದ. ಅವಳು ನನ್ನ ಹೋಳುಗಳನ್ನು ತೋರಿಸಿದ್ದೇ ತಡ, ಎದ್ದು ಹೊರಟೇಬಿಟ್ಟ. ಲಿಯೆನ್ ಮುಖ ಸಪ್ಪಗಾಯಿತು. ಇಷ್ಟು ದಿನ ಕೂಗಿದ ನನಗೆ ಅಂದು ದನಿಯೇ ಇರಲಿಲ್ಲ.

"ಕುಂದರೋ ಭಾಡ್ಯಾ!" ಬೆಂಚಿನಿಂದ ಚನ್ನವ್ವ ಗದರಿದಳು. "ಇಷ್ಟು ವರ್ಷ ಕೇಳೇವಿ, ನಮಗ ಬರೂದಿಲ್ಲೇನ? ಊರ ಹೆಸರಿಗೆ ಹಲ್ಲು ಬರೂದಾದ್ರ, ನಿನ್ನ ಹಲ್ಲು ನಿನ್ನೂರ ಹೆಸರಿಗೇ ಬರಲಿ!"

ಪೈಲ್ವಾನ ಮರಳಿ ಬಂದು ಕುರ್ಚಿಯಲ್ಲಿ ಕುಳಿತ. ಚನ್ನವ್ವ ಹಾಡತೊಡಗಿದಳು. ಬೆಂಚಿನವರೆಲ್ಲ ದನಿಗೂಡಿಸಿದರು. ಮಾತು ಅರ್ಧ ತಪ್ಪು, ಧಾಟಿ ಮಾತ್ರ ನನ್ನದೇ. ತುದಿಯಲ್ಲಿ ಎಲ್ಲರೂ "ಹುಬ್ಬಳ್ಳೀ" ಎಂದು ಸ್ವರ ಏರಿಸಿದರು. ಪೈಲ್ವಾನ ನಗಲು ಬಾಯಿ ಅಗಲಿಸಿದ; ಮರುಗಳಿಗೆ ಹಲ್ಲು ಲಿಯೆನ್ ಕೈಯ ಇಕ್ಕಳದಲ್ಲಿತ್ತು. ಕಲ್ಕತ್ತೆಗೆಂದು ಕಟ್ಟಿದ್ದ ಗಂಟನ್ನು ತಾನಪ್ಪ ಅಂದೇ ಬಿಚ್ಚಿದ.

ಲಿಯೆನ್ ನನ್ನನ್ನು ಅಂಟಿಸಿ ಗೋಡೆಗೆ ತೂಗುಹಾಕಿದಳು. ಈಗಲೂ ಅಲ್ಲೇ ಇದ್ದೇನೆ, ಧೂಳು ಹೊತ್ತುಕೊಂಡು ಹಾಯಾಗಿ. ನಾನು ಒಡೆದರೆ ಹಾಡೂ ಮುಗಿಯಿತೆಂದುಕೊಂಡಿದ್ದೆ. ಎಂಥ ಜಂಬ ನನ್ನದು! ಕುರ್ಚಿಗೆ ಬಂದವರನ್ನು ಲಿಯೆನ್ ಮೊದಲು ಕೇಳುವುದೇ "ಯಾವೂರ್ರೀ ನಿಮ್ದು?" ಗದಗಿನವರಿಗೆ ಗದಗ, ರೋಣದವರಿಗೆ ರೋಣ, ಬೆಂಚು ಹಾಡುತ್ತದೆ.

ಮೊನ್ನೆ ತಾನಪ್ಪನದೇ ಹಲ್ಲು ನೋಯತೊಡಗಿತು. ಮುದುಕ ಮಗಳ ಕುರ್ಚಿಯಲ್ಲಿ ಕುಳಿತ. "ಯಾವೂರ್ರೀ ನಿಮ್ದು?" ಎಂದು ಅವಳು ನಗುತ್ತ ಕೇಳಿದಳು.

"ಅವನ್ನೇನ ಕೇಳ್ತಿ? ನಮಗ ಗೊತ್ತೈತಿ" ಎಂದಳು ಚನ್ನವ್ವ.

ಬೆಂಚಿಗೆ ಬೆಂಚೇ ಹಾಡಿ, ತುದಿಯಲ್ಲಿ "ಹಾಂಕೋ" ಎಂದು ಬೀದಿಗೆ ಕೇಳುವಂತೆ ಸ್ವರ ಏರಿಸಿತು. ಹಲ್ಲು ಬಂದದ್ದು ತಾನಪ್ಪನಿಗೆ ತಿಳಿಯಲೇ ಇಲ್ಲ. ಬಾಯ ತುಂಬ ರಕ್ತ ಇಟ್ಟುಕೊಂಡೇ ಅವನೂ ಹಾಡುತ್ತಿದ್ದ.