ತಾಮ್ರ ತೊಳೆದ ನೀರು

ನೀರಿನಲ್ಲಿರುವ ಲೋಹಕ್ಕೆ ಪಾಚಿ ಹೇಗೆ ಕಟ್ಟುತ್ತದೆ ಎಂಬುದರ ಮೇಲೆ ನಮ್ಮ ಸೊಸೆ ಗಾರ್ಗಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಕೆರೆಯಲ್ಲಿ ತಾಮ್ರ ಇಳಿಬಿಟ್ಟರೆ ಎರಡೇ ದಿನಕ್ಕೆ ಯಾರಾದರೂ ಬಿಚ್ಚಿಕೊಂಡು ಹೋಗುತ್ತಾರೆಂದು, ಸರಸ್ವತಿಪುರಂನ ನಮ್ಮ ಹಿತ್ತಲ ತೊಟ್ಟಿಗೇ ಕೆರೆಯ ನೀರು ತಂದು ಸುರಿದಳು. ಅಂಗೈಯಗಲದ ನಾಲ್ಕು ತಾಮ್ರದ ತಗಡು, ನಾಲ್ಕು ಸ್ಟೀಲಿನವು ದಾರದಲ್ಲಿ ಇಳಿದವು. ಆರು ವಾರ ಕಳೆದು, ಯಾವುದಕ್ಕೆ ಎಷ್ಟು ಕಟ್ಟಿತೆಂದು ಸೋಮವಾರ ಗೈಡಿಗೆ ತೋರಿಸಬೇಕು. ಇಲ್ಲದಿದ್ದರೆ ಆರು ತಿಂಗಳು ಹಿಂದೆ ಬೀಳುತ್ತಾಳೆ.

ತೊಟ್ಟಿ ಮುಟ್ಟಬೇಡಿ ಎಂದು ಅವಳು ಹೇಳಿದ್ದನ್ನು ನನ್ನ ಹೆಂಡತಿ ಭಾನುಮತಿ, ಅತ್ತೆಗೆ ಕೆಲಸ ಹಚ್ಚಲು ಹುಡುಗಿಗೆ ಸಂಕೋಚ ಎಂದು ತಿಳಿದಳು. ಗುರುವಾರ ಸಂಜೆ ದೇವರ ಪಾತ್ರೆ ತಿಕ್ಕಲು ಕೂತವಳು, ಮೊದಲು ಆ ಲೋಳೆಗಟ್ಟಿದ ತಗಡುಗಳನ್ನೇ ಎತ್ತಿಕೊಂಡಳು. ಗಾರ್ಗಿ ಬರುವಷ್ಟರಲ್ಲಿ ಎಂಟೂ ಬಟ್ಟೆಯ ಮೇಲೆ ಹೊಳೆಯುತ್ತಿದ್ದವು.

"ನೀನಂತೂ ಬಾಯಿಬಿಟ್ಟು ಕೇಳಲ್ಲ, ನಾನೇ ತಿಕ್ಕಿಟ್ಬುಟ್ಟೆ. ಮುಖ ನೋಡ್ಕೋಬಹುದು ಕಣಮ್ಮ."

ಗಾರ್ಗಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಭಾನುಮತಿ ನನ್ನ ಮುಖ ನೋಡಿದಳು, ವಿಷಯ ಹೇಳಿದೆ. ಗೊತ್ತಿದ್ದೂ ತಡೆಯಲಿಲ್ಲವಲ್ಲ ಎಂದು ಬೈದಳು. ರೇಡಿಯೋದಲ್ಲಿ ಗಮಕ ಕೇಳುತ್ತ ಕೂತರೆ ನನಗೆ ಮನೆಗೆ ಕಳ್ಳ ನುಗ್ಗಿದರೂ ತಿಳಿಯುವುದಿಲ್ಲವಂತೆ. ನಿಜವೇ.

ಸ್ವಲ್ಪ ಹೊತ್ತಿನ ಮೇಲೆ ಗಾರ್ಗಿ ಮೆಲ್ಲಗೆ ಕೇಳಿದಳು: "ತೊಳೆದ ನೀರು ಎಲ್ಲಿ ಚೆಲ್ಲಿದ್ರಿ ಅತ್ತೆ?"

ಅದನ್ನು ತೆಂಗಿನ ಬುಡಕ್ಕೆ ಸುರಿಯುವುದು ನನ್ನ ಕೆಲಸ, ಇನ್ನೂ ಸುರಿದಿರಲಿಲ್ಲ. ಗೋಡೆಯ ಪಕ್ಕ ಎರಡು ಬೋಗುಣಿ ಇದ್ದವು. ಎರಡು ಏಕೆಂದು ಅವಳು ಕೇಳಿದ್ದಕ್ಕೆ ಭಾನುಮತಿಗೆ ಸೋಜಿಗವಾಯಿತು.

"ತಾಮ್ರಕ್ಕೂ ಸ್ಟೀಲಿಗೂ ಒಂದೇ ನೀರಾ? ತಾಮ್ರ ಮಡಿ ಕಣಮ್ಮ. ಅದಕ್ಕೆ ಹುಣಸೆಹಣ್ಣು, ಇದಕ್ಕೆ ಬರೀ ನಾರು."

ಗಾರ್ಗಿ ಎದ್ದು ನಿಂತಳು. ಪಾಚಿಯಲ್ಲಿ ಡಯಾಟಮ್ ಎಂಬ ಜಾತಿಗೆ ಗಾಜಿನಂಥ ಚಿಪ್ಪು ಇರುತ್ತದಂತೆ. ಅದನ್ನು ಶುಚಿ ಮಾಡಲು ಲ್ಯಾಬಿನಲ್ಲಿ ಆ್ಯಸಿಡ್ಡನ್ನೇ ಹಾಕುತ್ತಾರಂತೆ. ಹುಣಸೆಹುಳಿ ಏನೂ ಮಾಡದು; ಚಿಪ್ಪು ಎಣಿಸಿದರೆ ಯಾವ ಲೋಹಕ್ಕೆ ಎಷ್ಟು ಕಟ್ಟಿತ್ತೆಂದು ತಿಳಿಯುತ್ತದೆ. ಊಟದ ಮೇಜಿನ ಮೇಲೆ ಮೈಕ್ರೋಸ್ಕೋಪ್ ಬಂತು. ತಾಮ್ರದ ನೀರಿನಲ್ಲಿ ಹುಡುಕಿ ಹುಡುಕಿ ಮೂರು ಚಿಪ್ಪು, ಸ್ಟೀಲಿನದರಲ್ಲಿ ಎಣಿಸಿ ಸಾಕಾಗುವಷ್ಟು.

ಭಾನುಮತಿಯೂ ಬಗ್ಗಿ ನೋಡಿದಳು. ಪುಟ್ಟ ದೋಣಿಗಳು, ಮೈತುಂಬ ಕೂದಲಿಗಿಂತ ಸಣ್ಣ ಗೆರೆ. ಬಹಳ ಹೊತ್ತು ಅವುಗಳಿಂದ ಕಣ್ಣು ಕೀಳಲಿಲ್ಲ.

"ಇವನ್ನೆಲ್ಲ ನಾನು ಕೊಂದ್ಬುಟ್ಟೆನಾ?"

"ಚಿಪ್ಪು ಉಳಿಸಿದ್ದೀರಿ ಅತ್ತೆ. ನನಗೆ ಬೇಕಿದ್ದಿದ್ದು ಅದೇ," ಎಂದು ಗಾರ್ಗಿ ಅವಳ ಭುಜದ ಮೇಲೆ ಕೈಯಿಟ್ಟಳು.

ಗೈಡು ಆ ಲೆಕ್ಕ ಒಪ್ಪಿದರು. ಪಾಚಿಯ ದಪ್ಪವನ್ನು ಮಾತ್ರ ಇನ್ನೊಮ್ಮೆ ಅಳೆಯಬೇಕೆಂದರು. ಅದಕ್ಕಾಗಿ ಅವಳ ಉಳಿದ ಕೆಲಸ ನಿಲ್ಲಬೇಕಿಲ್ಲ. ತಗಡುಗಳಿಗೆ ಮತ್ತೆ ದಾರ ಕಟ್ಟಿ ತೊಟ್ಟಿಗೆ ಇಳಿಬಿಟ್ಟವಳು ಭಾನುಮತಿಯೇ. ಈಗ ದಿನಾ ತುಳಸಿಗೆ ನೀರೆರೆದು ತೊಟ್ಟಿಯ ಹತ್ತಿರ ಹೋಗುತ್ತಾಳೆ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಾಳೆ. ಈ ಬೆಳಿಗ್ಗೆ ನನ್ನ ಕಾಫಿ ತಂದಿಟ್ಟು, ಮನೆಗೆ ಯಾರೋ ಬಂದರೆಂಬ ಹಾಗೆ ಹೇಳಿದಳು:

"ಸ್ಟೀಲಿಗೆ ಸ್ವಲ್ಪ ಹಸಿರು ಬಂದಿದೆ ಕಣ್ರೀ."