ಸವೆದ ಜಾಗ

ಅಂದಿನ ಪಾಠ ಮುಗಿಸಿ ಕಿನ್ನರಿಯನ್ನು ಗವಸಿಗೆ ಹಾಕುವ ಮುಂಚೆ ಟೈಲರಮ್ಮ ಒರೆಸುವ ನೆಪದಲ್ಲಿ ಅದನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ಸೋರೆಬುರುಡೆಯ ಒಂದು ಪಕ್ಕದಲ್ಲಿ ಅಂಗೈಯಗಲ ಬಣ್ಣ ಸವೆದು ಒಳಗಿನ ಹಳದಿ ಮೈ ಕಾಣುತ್ತಿತ್ತು. ಅದು ಇದ್ದಲ್ಲೇ ಇತ್ತು. ಅವಳಿಗೆ ಹೋದ ಉಸಿರು ಬಂತು.

“ಇದೆಯಾ?” ಎಂದು ಕೇಳಿದ ಬೀಗದಜ್ಜ. ಎಡಗೈಯಲ್ಲಿ ಅರ ಹಿಡಿದು ಕೀಲಿಕೈ ಉಜ್ಜುತ್ತಿದ್ದವನು ತಲೆ ಎತ್ತಲಿಲ್ಲ.

“ಏನಜ್ಜ?”

“ನೀವು ದಿನಾ ನೋಡ್ತೀರಲ್ಲ, ಅದು.”

“ಧೂಳು ಕೂತಿತ್ತು, ಒರೆಸಿದೆ.”

“ಒರೆಸಿ, ಒರೆಸಿ. ನನ್ನ ಅಂಗಡೀಲಿ ಧೂಳಿಗೇನು ಬರವಿಲ್ಲ.”

ಕಳ್ಳನನ್ನು ಹಿಡಿಯಲು ಹೊಂಚು ಹಾಕಿದವಳೇ ಸಿಕ್ಕಿಬಿದ್ದಂತಾಯಿತು. ದಿನವಿಡೀ ಗುಂಡಿ ಹೊಲಿಯುವ ಕೈ ಅದು. ಗವಸಿನ ಗುಂಡಿ ಹಾಕುವಾಗ ಒಂದೂ ನೆಟ್ಟಗೆ ಬೀಳಲಿಲ್ಲ.

ಆ ಸವೆದ ಜಾಗ ಅವಳ ಅಪ್ಪನ ಕೈಗುರುತು ಎಂದೇ ಮನೆಯಲ್ಲಿ ಎಲ್ಲರ ನಂಬಿಕೆ. ಅಪ್ಪನೂ ಟೈಲರ್. ಮದುವೆಗೆ ಮುಂಚೆ ಊರೂರು ತಿರುಗಿ ಕಿನ್ನರಿ ನುಡಿಸುತ್ತಿದ್ದನಂತೆ, ಸಂಸಾರ ಹೆಗಲಿಗೆ ಬಿದ್ದ ಮೇಲೆ ಬಿಟ್ಟನಂತೆ. ಅವಳಿಗೆ ಬುದ್ಧಿ ಬಂದಾಗಿನಿಂದ ಅದು ಹೊಲಿಗೆ ಯಂತ್ರದ ಮೇಲಿನ ಮೊಳೆಗೆ ತೂಗುತ್ತಿತ್ತು. ನುಡಿಸಪ್ಪಾ ಎಂದು ಜೋತುಬಿದ್ದರೆ “ತಂತಿ ಸರಿ ಇಲ್ಲ ಮಗಾ” ಎನ್ನುತ್ತಿದ್ದ. ಬದಲಿಗೆ ಯಂತ್ರ ತುಳಿಯುತ್ತ ಒಂದು ಧಾಟಿ ಗುನುಗುತ್ತಿದ್ದ. ಅದೂ ಪೂರ್ತಿಯಿಲ್ಲ, ಅರ್ಧಕ್ಕೆ ಬಂದು ಮತ್ತೆ ಮೊದಲಿನಿಂದ. ಚಿಕ್ಕವಳಿದ್ದಾಗ ಅವಳು ಸ್ಟೂಲು ಹತ್ತಿ ಆ ಸವೆದ ಜಾಗಕ್ಕೆ ಕೆನ್ನೆ ಒತ್ತುತ್ತಿದ್ದಳು.

ಅಪ್ಪ ಹೋದ ಮೇಲೆ ಅಂಗಡಿ ಅವಳಿಗೆ ಬಂತು, ಕತ್ತರಿ ಅವಳಿಗೆ ಬಂತು. ಯಂತ್ರದ ಮುಂದೆ ಕೂತರೆ ಆ ಅರ್ಧ ಧಾಟಿಯೂ ಬಾಯಿಗೆ ಬರತೊಡಗಿತು. ತಲೆಕೂದಲು ನರೆಯುವ ವಯಸ್ಸಿನಲ್ಲಿ, ಅದನ್ನು ಅಪ್ಪನ ವಾದ್ಯದಲ್ಲೇ ನುಡಿಸಬೇಕೆಂಬ ಹುಚ್ಚು ಹಿಡಿಯಿತು.

ಕಿನ್ನರಿ ಬಲ್ಲವನು ಸುತ್ತಮುತ್ತ ಬೀಗದಜ್ಜ ಒಬ್ಬನೇ ಉಳಿದಿದ್ದ. ಬೀಗ ರಿಪೇರಿಯ ಪುಟ್ಟ ಅಂಗಡಿ, ಗೋಡೆಯ ತುಂಬ ಕೀಲಿಕೈ. ಮೊದಲ ದಿನ ಅಜ್ಜ ವಾದ್ಯಕ್ಕಿಂತ ಮುಂಚೆ ಅದರ ಹಸಿರು ಗವಸನ್ನು ನೋಡಿದ. ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ “ಗಟ್ಟಿ ಹೊಲಿಗೆ” ಎಂದ.

“ನಮ್ಮಪ್ಪನ ಕೈಯದ್ದು,” ಎಂದಳು ಹೆಮ್ಮೆಯಿಂದ. “ಕಿನ್ನರೀನೂ ಅಪ್ಪನದ್ದೇ.”

“ಓ,” ಎಂದ ಅಜ್ಜ. ಗವಸಿನ ಗುಂಡಿ ಬಿಚ್ಚಿ ನೋಡಿ, “ಇವತ್ತು ಇಲ್ಲೇ ಬಿಟ್ಟು ಹೋಗಿ” ಎಂದ.

ಮಾರನೇ ದಿನ ನೋಡಿದರೆ ತಂತಿಗಳು ಅದಲುಬದಲಾಗಿದ್ದವು. ಮೇಲಿದ್ದ ಸಣ್ಣ ತಂತಿ ಕೆಳಗೆ, ಕೆಳಗಿದ್ದ ದಪ್ಪ ತಂತಿ ಮೇಲೆ. ಯಾಕೆಂದು ಕೇಳಿದರೆ “ನಿಮ್ಮ ಕೈಗೆ ಹೀಗೇ ಸರಿ” ಎಂದು ಮಾತು ಮುಗಿಸಿದ.

“ಇವತ್ತು ತಂತಿ, ನಾಳೆ ಬುರುಡೆ, ನಾಡಿದ್ದು ಇಡೀ ಕಿನ್ನರಿ,” ಎಂದ ಅವಳ ಅಣ್ಣ. ಅವನು ಬಸ್ ಡಿಪೋದ ಕಾವಲುಗಾರ. ಅವನ ಲೆಕ್ಕದಲ್ಲಿ ಕಳ್ಳರಲ್ಲದವರು ಲೋಕದಲ್ಲಿ ಅಪರೂಪ. “ಊರಿನ ಬೀಗಾನೆಲ್ಲ ತೆಗೆಯೋ ಮನುಷ್ಯನ ಕೈಗೆ ಅಪ್ಪನ ಸಾಮಾನು ಕೊಟ್ಟು ಬಂದಿದ್ದೀಯಲ್ಲ, ನಿನಗೇನು ಹೇಳೋದು! ಬುರುಡೆ ಬದಲಾಯಿಸಿದ್ರೆ ಗೊತ್ತಾಗುತ್ತಾ ನಿನಗೆ?”

“ಅಪ್ಪನ ಕೈಗುರುತು ಇದೆಯಲ್ಲ.”

“ಹಾಗಾದ್ರೆ ಅದರ ಮೇಲೆ ಒಂದು ಕಣ್ಣಿಟ್ಟಿರು.”

ಇಟ್ಟಳು. ಅನುಮಾನದ ಹುಳ ತಲೆ ಹೊಕ್ಕ ಮೇಲೆ ಅಜ್ಜ ಕೆಮ್ಮಿದರೂ ಅದರಲ್ಲೊಂದು ಅರ್ಥ ಕಾಣುತ್ತಿತ್ತು. ಇವನೆಂಥ ಮೇಷ್ಟ್ರು, ವಾದ್ಯ ಮುಟ್ಟುವುದೇ ಇಲ್ಲ? ಬಾಯಲ್ಲೇ ಹೇಳಿಕೊಡುತ್ತಿದ್ದ, ಮೊಣಕಾಲು ತಟ್ಟಿ ತಾಳ ತೋರಿಸುತ್ತಿದ್ದ. ನುಡಿಸಿ ತೋರಿಸಿ ಎಂದರೆ “ನನ್ನ ಕೈ ಈಗ ಬೀಗಕ್ಕಷ್ಟೇ ಸರಿ” ಎನ್ನುತ್ತಿದ್ದ. ಒಂದು ದಿನ ಅವಳು ಅಪ್ಪನ ಧಾಟಿ ಗುನುಗಿ ಇದನ್ನು ಕಲಿಸಿ ಎಂದಾಗ ಅಜ್ಜನ ಅರ ನಿಂತಿತು. ಅವಳು ನಿಲ್ಲಿಸಿದಲ್ಲಿಂದ ಮುಂದಿನ ಅರ್ಧವನ್ನು ತಾನೇ ಗುನುಗಿಬಿಟ್ಟ.

“ಅಪ್ಪ ಹಾಡ್ತಿದ್ದಿದ್ದು ನಿಮಗೆ ಹೇಗೆ ಗೊತ್ತು?”

“ಹಳೇ ಧಾಟಿ. ಎಲ್ಲೋ ಕೇಳಿರ್ತೀನಿ.”

ಇದನ್ನು ಮಾತ್ರ ಅವಳು ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ಪಾಠ ನಿಲ್ಲುತ್ತಿತ್ತು, ಪಾಠ ನಿಲ್ಲುವುದು ಅವಳಿಗೆ ಬೇಕಿರಲಿಲ್ಲ. ಬೆರಳ ತುದಿ ಬೊಬ್ಬೆಯೆದ್ದು, ಒಡೆದು, ಗಟ್ಟಿಯಾಗಿ, ಈಗ ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಒಂದೇ ಕೊರಗು: ಅವಳ ಮುಂಗೈ ಆ ಸವೆದ ಜಾಗದ ಮೇಲೆ ಕೂರುತ್ತಿರಲಿಲ್ಲ. ಕಿನ್ನರಿಯನ್ನು ಮಡಿಲಲ್ಲಿಟ್ಟುಕೊಂಡರೆ ಆ ಜಾಗ ಕೆಳಗೆ, ತೊಡೆಯ ಕಡೆಗೆ ಹೋಗುತ್ತಿತ್ತು. ತಾನಿನ್ನೂ ಹೊಸಬಳು, ಕಲಿತಂತೆಲ್ಲ ಕೈ ತಾನಾಗಿ ಅಪ್ಪನ ಜಾಗಕ್ಕೆ ಹೋಗುತ್ತದೆ ಎಂದುಕೊಂಡಿದ್ದಳು.

ಧೂಳಿನ ನೆಪ ಹೇಳಿದ ಮಾರನೇ ದಿನ ಧಾಟಿಯ ಉಳಿದರ್ಧ ಇನ್ನೇನು ಬೆರಳಿಗೆ ಬಂದೇಬಿಟ್ಟಿತು ಎನ್ನುವಾಗ ಸಣ್ಣ ತಂತಿ ಸಡಿಲವಾಯಿತು. ಬಿರಡೆ ತಿರುಗಿಸಿದಳು, ಇನ್ನೂ ಕೆಟ್ಟಿತು. ಅಜ್ಜ ಹುಣಸೆಕಾಯಿ ಕಚ್ಚಿದವನಂತೆ ಮುಖ ಕಿವುಚಿ, “ಕೊಡಿ ಇಲ್ಲಿ” ಎಂದು ಕಿನ್ನರಿಯನ್ನು ಮಡಿಲಿಗೆ ಎಳೆದುಕೊಂಡ. ಅವಳು ಹಿಡಿಯುವ ಹಾಗಲ್ಲ. ವಾದ್ಯದ ಕತ್ತು ಬಲಕ್ಕೆ, ಬುರುಡೆ ಎಡಕ್ಕೆ. ಅವನ ಎಡ ಮುಂಗೈ ಬುರುಡೆಯ ಮೇಲೆ ಇಳಿಯಿತು. ಹುಡುಕಲಿಲ್ಲ, ತಡವರಿಸಲಿಲ್ಲ. ಸವೆದ ಜಾಗ ಪೂರ್ತಿ ಅದರ ಕೆಳಗೆ ಮುಚ್ಚಿಹೋಯಿತು.

ಟೈಲರಮ್ಮ ಅಳತೆ ತೆಗೆದು ಬದುಕಿದವಳು. ಯಾವ ತೋಳು ಯಾರದ್ದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಪ್ಪನ ಕತ್ತರಿ ನೆನಪಾಯಿತು, ಬಲಗೈಗೆಂದೇ ಮಾಡಿದ ಕತ್ತರಿ. ಅಪ್ಪ ಜನ್ಮದಲ್ಲಿ ಎಡಗೈಯಲ್ಲಿ ಒಂದು ಗುಂಡಿ ಹೊಲಿದವನಲ್ಲ. ಆ ಗುರುತು ಅಪ್ಪನ ಕೈಯದ್ದಲ್ಲ.

“ಅಜ್ಜ, ಇದನ್ನ ನಮ್ಮಪ್ಪಂಗೆ ಯಾಕೆ ಕೊಟ್ಟಿದ್ರಿ?”

ಅಜ್ಜ ಬಿರಡೆ ತಿರುಗಿಸುತ್ತಲೇ ಇದ್ದ. “ಗವಸು ಹೊಲಿಯೋಕೆ” ಎಂದ. “ನಿಮ್ಮಪ್ಪನ ಅಂಗಡೀಲಿ ಕೂತು ಈ ಧಾಟಿ ನುಡಿಸ್ತಿದ್ದೆ. ಅರ್ಧಕ್ಕೇ, ಸಾಕು ಕೊಡಪ್ಪ, ಅಳತೆ ತಗೋಬೇಕು ಅಂದ್ರು.”

“ವಾಪಸ್ ಕೇಳಲಿಲ್ವಾ?”

“ಕೇಳದೆ ಏನು. ಹೋದಾಗೆಲ್ಲ ಇನ್ನೂ ಆಗಿಲ್ಲ ಅಂದ್ರು. ಟೈಲರು ಅಂದ್ಮೇಲೆ ಅಷ್ಟೇ ಅಲ್ವಾ, ಕಾದೆ. ಆಮೇಲೊಂದು ದಿನ, ಯಾವ ಕಿನ್ನರಿ ಅಂದ್ರು.”

ಇಷ್ಟು ದಿನ ಇವನನ್ನು ಕಾವಲು ಕಾದದ್ದು ನೆನೆದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಪ್ಪನ ಮೇಲೆ ಸಿಟ್ಟು ಬಂತು, ಸತ್ತವರ ಮೇಲೆ ಬರಬಾರದಷ್ಟು ಸಿಟ್ಟು.

“ಮೊದಲ ದಿನಾನೇ ಹೇಳಬಾರದಿತ್ತಾ?”

“ಏನಂತ ಹೇಳೋದಮ್ಮ? ನೀವು ಬಾಯ್ತುಂಬ ಅಪ್ಪನದ್ದು ಅಂದ್ರಿ.” ಅಜ್ಜ ಕಿನ್ನರಿಯನ್ನು ಅವಳ ಕಡೆಗೆ ಚಾಚಿದ. “ತಂತಿ ಸರಿಯಾಯ್ತು. ಹಿಡೀರಿ, ಧಾಟಿ ಮುಗಿಸಿ.”

ಅವಳು ನುಡಿಸಿದಳು. ನಡುವೆ ಎರಡು ಕಡೆ ತಪ್ಪಿದರೂ ಧಾಟಿ ಕೊನೆ ಮುಟ್ಟಿತು. ಅಜ್ಜ ಮೂಗು ಒರೆಸಿಕೊಂಡ. ಅವಳು ಕಿನ್ನರಿಯನ್ನು ಬೆಳಕಿಗೆ ತಿರುಗಿಸದೆ ಗವಸಿಗೆ ಹಾಕಿ, ಗುಂಡಿಗಳನ್ನು ಒಂದೊಂದಾಗಿ ನೆಟ್ಟಗೆ ಹಾಕಿ, ಅವನ ಮುಂದಿಟ್ಟಳು.

“ತಂತಿ ಮೊದಲಿನ ಹಾಗೆ ಕಟ್ಕೊಳ್ಳಿ ಅಜ್ಜ,” ಎಂದು ಹೇಳಿ, ಅವನು ಏನಾದರೂ ಅನ್ನುವ ಮುಂಚೆಯೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಅಂಗಡಿಯಲ್ಲಿ ಅಣ್ಣ ಕೂತಿದ್ದ. ಅವಳ ಬರಿಗೈ ನೋಡಿ ಎದ್ದೇಬಿಟ್ಟ.

“ಎಲ್ಲಿ ಕಿನ್ನರಿ? ನಾನು ಹೇಳಿರಲಿಲ್ವಾ! ಹೊಡ್ಕೊಂಡುಬಿಟ್ನಾ ಮುದುಕ?”

“ಗವಸು ಹೊಲಿಯೋಕೆ ಬಂದಿತ್ತು,” ಎಂದಳು ಟೈಲರಮ್ಮ. “ಆಯ್ತು. ಕೊಟ್ಟೆ.”

ಅಣ್ಣ ಅವಳ ಮುಖ ನೋಡಿದ, ಯಂತ್ರದ ಮೇಲಿನ ಖಾಲಿ ಮೊಳೆ ನೋಡಿದ. ಅವಳು ಮೇಜಿನ ಮೇಲೆ ಬಟ್ಟೆ ಹರವಿ, ಸೀಮೆಸುಣ್ಣದ ಗೆರೆಗೆ ಸರಿಯಾಗಿ ಎಳೆದು, ಕತ್ತರಿ ಕೈಗೆತ್ತಿಕೊಂಡಳು. ಅಪ್ಪನ ಹೆಬ್ಬೆರಳು ಸವೆಸಿದ ಹಿಡಿಯೊಳಗೆ ಅವಳ ಹೆಬ್ಬೆರಳು ಸರಿಯಾಗಿ ಕೂತಿತು.