ಪಾಟಾದ ಮೇಲಿನ ಕೂದಲು

ಕಟಕ್ ಅಂತ ಒಂದು ಸದ್ದು, ನಮ್ಮ ಗಾಡಿಯದಲ್ಲ, ಯಾವುದೋ ಲಾರಿ ರಸ್ತೆಯ ಉಬ್ಬು ಹಾರಿದ್ದು, ನಮ್ಮ ಪಿಕಪ್ ಆಗಲೇ ಇಡಗುಂದಿ ದಾಟಿ ಅರಬೈಲು ಘಟ್ಟಕ್ಕೆ ಇಳಿದಿರಬೇಕು, ಪವನ್ ಒಬ್ಬನೇ, ಬೆನ್ನಿಗೆ ಅನಾನಸಿನ ಗುಡ್ಡೆ, ಅದರ ಹಿಂದೆ ಕೊಂಡಿ ಹಾಕಿದ ಟ್ರೇಲರ್, ಅದರಲ್ಲೂ ಅನಾನಸು — ಇಳಿಜಾರಿನಲ್ಲಿ ಗೇರು ತೆಗೆದು ಸುಮ್ಮನೆ ಜಾರಿಬಿಡುತ್ತಾನೋ ಏನೋ, ಉಳಿದ ಡೀಸೆಲ್ ಮಾರಿಕೊಳ್ಳಲು, ಅಕ್ಕನ ಮಗನಾದರೇನು, ಅಕ್ಕನ ಮಗನಾದ್ದರಿಂದಲೇ ಕಣ್ಣಿಡಬೇಕು. ಯಲ್ಲಾಪುರದ ಈ ಚಹಾ ಬರೀ ನೀರು, ಅಂಗಡಿಯಾಕೆ ಹಾಲಿನ ಪಾತ್ರೆಯನ್ನು ಒಳಗೆ ಮರೆಯಲ್ಲೇಕೆ ಇಟ್ಟಿದ್ದಾಳೆ, ಇನ್ನೊಂದು ಟ್ರೇಲರ್ ಕೊಡುತ್ತೇನೆ ಬಾ ಅಂದ ಕೆರಿಯಪ್ಪನ ಸುಳಿವಿಲ್ಲ, ಬಾರದಿದ್ದರೆ ಆ ಟ್ರೇಲರ್ ಅವನದೇ ಅಲ್ಲ ಅಂತ ಅರ್ಥ, ಅವನಿಗಾಗಿ ನಾನು ಇಲ್ಲಿ ಇಳಿದದ್ದೇ ದಂಡ. ಎಲ್ಲಾರ ಮ್ಯಾಲೂ ಸಂಶಯ ನಿಮಗ, ಕನ್ನಡಿಯೊಳಗಿನ ಮನಷ್ಯಾನ ಮ್ಯಾಲೂ ಐತೇನ್ರಿ, ಅಂತಾಳೆ ನನ್ನ ಹೆಂಡತಿ ಪ್ರತಿಭಾ. ಇದೆ, ಅದಕ್ಕೇ ಬನವಾಸಿಯಲ್ಲಿ ನನ್ನ ಗಾಡಿ ಇನ್ನೂ ನನ್ನದಾಗಿ ಉಳಿದಿದೆ. ಗೋವಾದ ದಲ್ಲಾಳಿಯನ್ನು ನಂಬಲಿಲ್ಲ, ತೂಕದವನನ್ನು ನಂಬಲಿಲ್ಲ, ಶಿರಸಿಯ ಮೆಕ್ಯಾನಿಕ್ ಸಂದೇಶನನ್ನಂತೂ — ವಾನಳ್ಳಿ ಕಡೆಯವನು, ಬಾಯಿ ತುಂಬ ಶಂಭಣ್ಣ ಶಂಭಣ್ಣ ಅನ್ನುವವನು, ಅಷ್ಟು ಸಿಹಿಯಾಗಿ ಕರೆಯುವವರ ಕೈ ಎಲ್ಲಿರುತ್ತದೆಂದು ನೋಡಬೇಕು. ಲೋಡು ಬಿದ್ದರೆ ಗಾಡಿ ಹಿಂದಕ್ಕೆ ಕೂರುತ್ತಿತ್ತು, ಟ್ರೇಲರ್ ಕಟ್ಟಿದರೆ ಮೂತಿ ಮೇಲಕ್ಕೆ, ಹೆಡ್‌ಲೈಟು ಮರದ ತುದಿ ನೋಡುತ್ತಿತ್ತು, ಅದಕ್ಕೇ ಅವನ ಗ್ಯಾರೇಜಿಗೆ ಬಿಟ್ಟದ್ದು, ಹಿಂದಿನ ಗಾಲಿಗಳ ಮೇಲೆ ಒಂದರಡಿ ಒಂದು ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳು, ಪಾಟಾ, ಅವಕ್ಕೆ ಎರಡೂ ಬದಿ ಕೆಳಗಿನಿಂದ ಎರಡೆರಡು ಹೊಸವು ಸೇರಿಸು, ಎಡಗಡೆ ಕೆಳಗಿನಿಂದ ಮೂರನೆಯದರಲ್ಲಿ ಕೂದಲೆಳೆಯ ಬಿರುಕಿದೆ, ಘಟ್ಟದಲ್ಲಿ ಲೋಡಿಗೆ ಮುರಿದರೆ ಗಾಡಿಯೇ ಮಗುಚೀತು, ಅದನ್ನು ತೆಗೆದು ಬೇರೆ ಹಾಕು, ಬೆರಳಿಟ್ಟು ತೋರಿಸಿಯೇ ಬಂದಿದ್ದೆ.

ಮೊನ್ನೆ ಫೋನಿನಲ್ಲಿ ಕೇಳಿದೆ, ಒಡದ ಪಾಟಾ ತಗದ್ಯೇನಪಾ. ಹಿಂದೆ ಗ್ರೈಂಡರಿನ ಕಿರುಚಾಟ, ಫೋನನ್ನು ಹೆಗಲಿಗೆ ಒತ್ತಿಕೊಂಡಿದ್ದನೋ ಏನೋ, ಇಲ್ಲೆ, ಅಂದ, ನಾಳೆ ಬನ್ನಿ ಶಂಭಣ್ಣ. ಇಲ್ಲೇ ಇದೆ, ಇಲ್ಲೇ ಕಾಲ ಬುಡದಲ್ಲೇ ಬಿದ್ದಿದೆ, ಸರಿ, ತೆಗೆದಿದ್ದಾನೆ, ಆದರೆ ನಾಳೆ ಯಾಕೆ — ತೆಗೆದಾಯಿತು, ಹಾಕಿಯಾಯಿತು, ಇನ್ನೊಂದು ದಿನ ಗಾಡಿ ಅಲ್ಲಿ ಯಾಕೆ ನಿಲ್ಲಬೇಕು, ನನ್ನ ಹೊಸ ಪಾಟಾ ಬಿಚ್ಚಿ ಇನ್ನೊಬ್ಬರ ಗಾಡಿಗೆ ಬಿಗಿಯಲಿಕ್ಕೆ, ಹಳೆ ಕಬ್ಬಿಣ ಗುಜರಿಗೆ ಹಾಕಲಿಕ್ಕೆ. ನಾನೇನು ದಡ್ಡನೇ, ಆವತ್ತೇ ಅವನು ಊಟಕ್ಕೆ ಮನೆಗೆ ಹೋಗುವ ಹೊತ್ತು ನೋಡಿ ಪವನನನ್ನು ಕಳಿಸಿದೆ, ಕೀಲಿ ಮೊಳೆಗೇ ನೇತಾಡುತ್ತಿತ್ತಂತೆ, ತಂದುಬಿಟ್ಟ, ಸಂಜೆಯೆಲ್ಲ ಸಂದೇಶನ ಫೋನು, ಮತ್ತೆ ಮತ್ತೆ, ಎತ್ತಲಿಲ್ಲ, ಕೂಲಿ ಏರಿಸಲಿಕ್ಕೇ ಇರಬೇಕು, ಒದ್ದಾಡಲಿ. ಗಾಡಿ ಮಾತ್ರ ಚೆಂದ ನಿಂತಿತ್ತು, ಹಿಂಭಾಗ ಎತ್ತರಕ್ಕೆ, ಇವತ್ತು ಅಷ್ಟು ಅನಾನಸು ಹೇರಿದರೂ ಜಗ್ಗಲಿಲ್ಲ, ಪವನ್ ಪಾಟಾಗಳಿಗೆಲ್ಲ ಸುಟ್ಟ ಎಂಜಿನ್ ಎಣ್ಣೆ ಬಳಿದಿದ್ದ, ಬೆಳಿಗ್ಗೆ ಬಗ್ಗಿ ಎಣಿಸಿದೆ, ಎಲ್ಲ ಕಪ್ಪಗೆ ಮಿನುಗುತ್ತಿದ್ದವು, ಎಡಗಡೆ ಕೆಳಗಿನಿಂದ ಐದನೆಯದರ ಮೇಲೆ ಒಂದು ಕೂದಲು ಅಂಟಿತ್ತು, ಹಳೆ ಬ್ರಶ್ಶು ಯಾಕೆ ಹಿಡಿದೆಯೋ ಅಂತ ಗದರಿದೆ, ಮಾಮಾ, ಹೊಸಾ ಬ್ರಶ್ ಐತಿ, ಅಂದ, ಸುಳ್ಳ, ಬ್ರಶ್ಶಿನ ದುಡ್ಡು ಹೊಡೆದಿದ್ದಾನೆ. ದೇವಿಮನೆ ರಸ್ತೆ ಬಂದ್ ಅಂತ ಯಲ್ಲಾಪುರ ಸುತ್ತಿ ಬಂದೆವು, ನನ್ನನ್ನು ಇಲ್ಲಿಳಿಸಿ ಕೈ ಬೀಸಿ ಹೋದ, ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗ, ಆಚೆ ಅಂಕೋಲೆ, ಆಮೇಲೆ ಗೋವಾ. ಇನ್ನೆಷ್ಟು ಕಾಯುವುದು, ಕೆರಿಯಪ್ಪ ಬಂದಾರೇನ್ರಿ, ಕೇಳಿದೆ, ಅಂಗಡಿಯಾಕೆ ತಲೆಯೆತ್ತದೆ, ಇಲ್ಲೆ, ಅಂದಳು.

ಇಲ್ಲೇ? ಎಲ್ಲಿ, ಬೆಂಚಿನ ಮೇಲೆ ಯಾರೂ ಇಲ್ಲ, ಹಿಂದೆ ತಿರುಗಿದೆ, ಕಂಬದ ಆಚೆ ಇಣುಕಿದೆ, ಅಡಗಿಕೊಂಡು ನನ್ನನ್ನು ನೋಡುತ್ತಿದ್ದಾನೆಯೇ, ಆಕೆ ನಕ್ಕುಬಿಟ್ಟಳು, ಅಲ್ಲಾ, ಅವ ಬೈಂದ್ನಿಲ್ಲೆ, ಇಲ್ಲೆ ಅಂದ್ರೆ ಇಲ್ಲ ಹೇಳಿ. ಬಂದಿಲ್ಲವಂತೆ, ಗೊತ್ತು, ನನಗೆ ಗೊತ್ತಿಲ್ಲದ ಮಾತೇ ಇದು, ಶಿರಸಿ ಪೇಟೆಯಲ್ಲಿ ದಿನಾ ಕಿವಿಗೆ ಬೀಳುವ ಮಾತು, ಇಲ್ಲೆ ಅಂದರೆ ಇಲ್ಲ — ಆದರೆ ಸಂದೇಶ ನನ್ನ ಹತ್ತಿರ ಯಾವತ್ತೂ ಇಲ್ಲ ಅಂತಲೇ ಅನ್ನುವವನು, ಗಿರಾಕಿಗೆ ಒಂದು ಮಾತು, ಮನೆಗೆ ಒಂದು ಮಾತು, ಆವತ್ತು ಗಡಿಬಿಡಿಯಲ್ಲಿ ಮನೆಯ ಮಾತು ಬಂದುಬಿಟ್ಟಿತು, ತಗದ್ಯೇನಪಾ, ಇಲ್ಲೆ. ನಾಳೆ ಬನ್ನಿ. ತೆಗೆದಿಲ್ಲ, ನಾಳೆ ತೆಗೆಯುತ್ತೇನೆ. ಸಂಜೆಯೆಲ್ಲ ಫೋನು ಮಾಡಿದ್ದು ಇದಕ್ಕೇ. ಜಗತ್ತಿನ ಎಲ್ಲ ಮಾತನ್ನೂ ಅನುಮಾನಿಸಿದೆ, ಇದೊಂದನ್ನು ನಂಬಿದೆ. ಪವನ್ಯಾ, ಎತ್ತೋ, ಫೋನ್ ಎತ್ತೋ, ನಿಲ್ಲಿಸೋ ಗಾಡಿ, ಅನಾನಸು ಕೊಳೆತು ಹೋಗಲಿ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ, ಘಟ್ಟದಲ್ಲಿ ಸಿಗ್ನಲ್ ಇಲ್ಲ, ಇಲ್ಲೆ, ಯಾರದಾದರೂ ಬೈಕು, ಏ ನಿಲ್ಲಿಸ್ರಿ, ಒಂದು ಲಾರಿಯೂ ನಿಲ್ಲುತ್ತಿಲ್ಲ, ರಸ್ತೆಗಿಳಿದು ಕೈ ಅಡ್ಡ ಹಿಡಿದೆ, ಕೈ — ಬೆಳಿಗ್ಗೆ ಇದೇ ಕೈ, ಇದೇ ಉಗುರು, ಕೆಳಗೆ ಎರಡು ಹೊಸವು ಸೇರಿದ ಮೇಲೆ ಮೂರನೆಯದು ಐದನೆಯದಾಗಲೇಬೇಕಲ್ಲ, ಹೊಸ ಬ್ರಶ್ಶೇ ಇತ್ತು, ಹುಡುಗ ಸುಳ್ಳು ಹೇಳಿರಲಿಲ್ಲ, ಕಪ್ಪು ಎಣ್ಣೆಯಲ್ಲಿ ಒಂದು ಕೂದಲು, ತೆಗೆದುಬಿಡೋಣವೆಂದು ಉಗುರಿನಿಂದ ಕೆರೆದಿದ್ದೆ, ಕೆರೆದೆ, ಬರಲಿಲ್ಲ, ಉಗುರು ಅದರೊಳಗೆ ಇಳಿಯಿತು